ಪದ ಪರಿಚಯ: ಕ್ಯಾಮ್‌ಶಾಫ್ಟಿನ ಡ್ಯುರೇಶನ್

ಹಳೆಯ ಕಾರಿನ ಎಂಜಿನ್ ಬಿಚ್ಚಿ ಮತ್ತೆ ಕಟ್ಟಲು ಹೊರಟವರು ಕ್ಯಾಮ್‌ಶಾಫ್ಟ್‌ಗಳ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಸಿ ಮುಚ್ಚಿಸುವ ದಂಡ) ಕ್ಯಾಟಲಾಗ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಒಂದು ಸಂಖ್ಯೆ: 252, 268, 292, ಹೀಗೆ. ಅದೇ ಡ್ಯುರೇಶನ್. ವಾಲ್ವ್ ತನ್ನ ಸೀಟಿನಿಂದ ಎದ್ದು ಮತ್ತೆ ಸೀಟಿನ ಮೇಲೆ ಕೂರುವಷ್ಟರಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಎಷ್ಟು ಡಿಗ್ರಿ ತಿರುಗಿರುತ್ತದೆ ಅನ್ನುವ ಲೆಕ್ಕ ಇದು. ಇಲ್ಲಿ ಎಣಿಸುವುದು ಕ್ಯಾಮ್ ತಿರುಗಿದ ಡಿಗ್ರಿಯನ್ನಲ್ಲ, ಕ್ರ್ಯಾಂಕ್ ತಿರುಗಿದ್ದನ್ನು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು.

ಪಿಸ್ಟನ್ ಮೇಲಿನಿಂದ ತಳಕ್ಕೆ ಇಳಿಯಲು 180 ಡಿಗ್ರಿ ಸಾಕು. ಹಾಗಿದ್ದರೆ ಗಾಳಿಯನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವ್ 268 ಡಿಗ್ರಿಯಷ್ಟು ಹೊತ್ತು ಯಾಕೆ ತೆರೆದಿರಬೇಕು? ಎರಡು ಕಾರಣ ಇವೆ. ವಾಲ್ವ್ ಒಂದೇ ಸಲಕ್ಕೆ ಪೂರ್ತಿ ತೆರೆದುಕೊಳ್ಳುವುದಿಲ್ಲ, ಮೆಲ್ಲಗೆ ಏಳಬೇಕು, ಮೆಲ್ಲಗೆ ಕೂರಬೇಕು. ಜೊತೆಗೆ ಗಾಳಿಗೂ ತೂಕವಿದೆ. ವೇಗವಾಗಿ ಒಳಗೆ ನುಗ್ಗುತ್ತಿರುವ ಗಾಳಿ, ಪಿಸ್ಟನ್ ತಳ ಮುಟ್ಟಿ ಮೇಲೇರಲು ಶುರು ಮಾಡಿದ ಮೇಲೂ ಆ ರಭಸದಲ್ಲೇ ಒಳಗೆ ಬರುತ್ತಿರುತ್ತದೆ. ವಾಲ್ವನ್ನು ಸ್ವಲ್ಪ ತಡವಾಗಿ ಮುಚ್ಚಿದರೆ ಆ ಗಾಳಿಯೂ ಸಿಲಿಂಡರಿಗೆ ಸಿಗುತ್ತದೆ.

ಆದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ ಗಾಳಿಗೆ ಆ ರಭಸ ಇರುವುದಿಲ್ಲ. ಆಗ ತಡವಾಗಿ ಮುಚ್ಚುವ ವಾಲ್ವಿನ ಮೂಲಕ ಪಿಸ್ಟನ್ನೇ ಒಳಗಿದ್ದ ಮಿಶ್ರಣವನ್ನು ಮ್ಯಾನಿಫೋಲ್ಡ್ (ಗಾಳಿ ಬರುವ ಕೊಳವೆ) ಕಡೆಗೆ ಹಿಂದಕ್ಕೆ ತಳ್ಳುತ್ತದೆ. ಡ್ಯುರೇಶನ್ ಬಗ್ಗೆ ತಿಳಿಯಬೇಕಾದ ಮುಖ್ಯ ವಿಷಯವೇ ಇದು. ಕ್ಯಾಮ್ ಆರಿಸುವಾಗ ನಾನು ಮೊದಲು ನೋಡುವುದು ಇನ್‌ಟೇಕ್ ವಾಲ್ವ್ ಮುಚ್ಚುವ ಗಳಿಗೆಯನ್ನು. ಉಳಿದದ್ದೆಲ್ಲ ಆಮೇಲೆ.

ಲೆಕ್ಕ ಸುಲಭ. ಇನ್‌ಟೇಕ್ ಸೆಂಟರ್‌ಲೈನ್ ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟಿದ ಎಷ್ಟು ಡಿಗ್ರಿಗೆ ಇನ್‌ಟೇಕ್ ವಾಲ್ವ್ ಅತಿ ಹೆಚ್ಚು ತೆರೆದಿರುತ್ತದೆ ಅನ್ನುವುದು. ಅದು 106 ಡಿಗ್ರಿ ಇರುವ 268ರ ಕ್ಯಾಮ್ ತೆಗೆದುಕೊಳ್ಳಿ. 268ರ ಅರ್ಧ 134. ಅದಕ್ಕೆ 106 ಕೂಡಿಸಿ 180 ಕಳೆದರೆ 60. ಅಂದರೆ ಪಿಸ್ಟನ್ ತಳ ಮುಟ್ಟಿ ಕ್ರ್ಯಾಂಕ್ ಇನ್ನೂ 60 ಡಿಗ್ರಿ ತಿರುಗಿದ ಮೇಲೆ ವಾಲ್ವ್ ಮುಚ್ಚುತ್ತದೆ. ಅದೇ ಸೆಂಟರ್‌ಲೈನಿನಲ್ಲಿ 300ರ ಕ್ಯಾಮ್ ಹಾಕಿದರೆ ಮುಚ್ಚುವುದು 76 ಡಿಗ್ರಿಗೆ. ವಾಲ್ವ್ ಮುಚ್ಚುವವರೆಗೆ ಒತ್ತಡ ಏರಲು ಶುರುವಾಗುವುದೇ ಇಲ್ಲ, ಅಲ್ವಾ? ಹಾಗಾಗಿ ಕಾಗದದ ಮೇಲೆ ಕಂಪ್ರೆಷನ್ 8.5:1 ಇರುವ ಎಂಜಿನ್ನಿಗೆ ದೊಡ್ಡ ಕ್ಯಾಮ್ ಹಾಕಿದರೆ, ಕೆಳಗಿನ ಆರ್‌ಪಿಎಂನಲ್ಲಿ ಅದು ಇನ್ನೂ ಕಡಿಮೆ ಕಂಪ್ರೆಷನ್ ಇರುವ ಎಂಜಿನ್ನಿನಂತೆ ಸೊರಗುತ್ತದೆ.

ಶೆವರ್ಲೆಯ '30-30' ಕ್ಯಾಮ್ ಇದಕ್ಕೆ ಒಳ್ಳೆಯ ಉದಾಹರಣೆ. 1964ರಲ್ಲಿ 327 (ಘನ ಇಂಚು) ಎಂಜಿನ್ನಿಗೆ ಬಂದದ್ದು, ಮುಂದೆ 1967ರಿಂದ 1969ರವರೆಗೆ ಕಮಾರೊ ಜೆಡ್/28ರ 302 ಎಂಜಿನ್ನಿನಲ್ಲೂ ಇತ್ತು. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಕಡೆಯ ವಾಲ್ವ್ ಲ್ಯಾಶ್ (ವಾಲ್ವ್ ಮುಚ್ಚಿದ್ದಾಗ ಬಿಡುವ ಸಣ್ಣ ಸಂದು) 0.030 ಇಂಚು ಇಡಬೇಕಾದ್ದರಿಂದ ಆ ಹೆಸರು. ಆ ಎಂಜಿನ್‌ಗಳ ಕಂಪ್ರೆಷನ್ 11:1, ತಿರುಗುವುದೂ ಜೋರು. ಅಲ್ಲಿ ಆ ಕ್ಯಾಮ್ ಅದ್ಭುತ. ಹೆಸರು ಕೇಳಿ ಅದನ್ನೇ ತಂದು ಪಟ್ಟಣದೊಳಗೆ ಓಡಾಡುವ, ಕಡಿಮೆ ಕಂಪ್ರೆಷನ್ನಿನ ಎಂಜಿನ್ನಿಗೆ ಕೂರಿಸಿದರೆ ಗಾಡಿ ಸಿಗ್ನಲ್ ಬಿಟ್ಟು ಮುಂದೆ ಹೋಗಲೂ ಒದ್ದಾಡುತ್ತದೆ.

ಇನ್ನು ಕ್ಯಾಟಲಾಗಿನ ಒಂದು ಗೊಂದಲ. ವಾಲ್ವ್ 'ತೆರೆಯಿತು' ಅಂತ ಎಲ್ಲಿಂದ ಎಣಿಸಬೇಕು? ಒಬ್ಬ ತಯಾರಕರು ಟ್ಯಾಪೆಟ್ (ಕ್ಯಾಮಿನ ಮೇಲೆ ಕೂತು ಅದರ ಎತ್ತುವಿಕೆಯನ್ನು ವಾಲ್ವಿನ ಕಡೆಗೆ ಸಾಗಿಸುವ ಭಾಗ) 0.006 ಇಂಚು ಎದ್ದಾಗಿನಿಂದ ಎಣಿಸುತ್ತಾರೆ, ಇನ್ನೊಬ್ಬರು 0.004ರಿಂದ. ಹೀಗೆ ಬರುವುದು ಅಡ್ವರ್ಟೈಸ್ಡ್ ಡ್ಯುರೇಶನ್. ಎರಡು ಕಂಪನಿಗಳ ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಹೋಲಿಕೆಗೆ ಇರುವುದು ಟ್ಯಾಪೆಟ್ 0.050 ಇಂಚು, ಅಂದರೆ 1.27 ಮಿಲಿಮೀಟರ್, ಎದ್ದಾಗಿನಿಂದ ಅಳೆದ ಡ್ಯುರೇಶನ್. 268 ಅಂತ ಬರೆದಿರುವ ಹೈಡ್ರಾಲಿಕ್ ಕ್ಯಾಮ್ ಈ ಅಳತೆಯಲ್ಲಿ 218ರ ಆಸುಪಾಸು ಇರಬಹುದು. ಎರಡು ಸಂಖ್ಯೆಗಳ ನಡುವಿನ ಅಂತರ ಕಡಿಮೆಯಿದ್ದಷ್ಟೂ ಆ ಲೋಬ್ (ಕ್ಯಾಮಿನ ಉಬ್ಬು) ವಾಲ್ವನ್ನು ಬೇಗ ಎತ್ತುತ್ತದೆ, ಸ್ಪ್ರಿಂಗಿಗೆ ಕೆಲಸವೂ ಜಾಸ್ತಿ.

ಡ್ಯುರೇಶನ್ ಹೆಚ್ಚಿದರೆ ಓವರ್‌ಲ್ಯಾಪ್ ಕೂಡ ಹೆಚ್ಚುತ್ತದೆ. ಎಕ್ಸಾಸ್ಟ್ ಮುಚ್ಚುವ ಮೊದಲೇ ಇನ್‌ಟೇಕ್ ತೆರೆದು, ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಇದು. ಎರಡೂ ಲೋಬ್ 268 ಡಿಗ್ರಿ, ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನ) 110 ಆಗಿದ್ದರೆ, 268ರಿಂದ 110ರ ಎರಡರಷ್ಟು, ಅಂದರೆ 220, ಕಳೆದು 48 ಡಿಗ್ರಿ. 300ರ ಕ್ಯಾಮಿಗೆ 80. ಐಡ್ಲಿಂಗ್‌ನಲ್ಲಿ ಎಂಜಿನ್ ಗುಡುಗುಡು ಅಂತ ಕುಲುಕುವುದು ಇದರಿಂದಲೇ. ಆ ಸದ್ದು ಎಷ್ಟೋ ಜನರಿಗೆ ಇಷ್ಟ, ನನಗೂ ಇಷ್ಟವೇ. ಆದರೆ ಸದ್ದಿನ ಜೊತೆಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಇಳಿಯುತ್ತದೆ, ಪವರ್ ಬ್ರೇಕ್ ಗಟ್ಟಿಯಾಗುತ್ತದೆ, ಕಾರ್ಬ್ಯುರೇಟರ್ ಸರಿಯಾಗಿ ಟ್ಯೂನ್ ಆಗುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಟಾರ್ಕ್ ಕನ್ವರ್ಟರನ್ನೂ ಬದಲಿಸಬೇಕಾಗಬಹುದು. ಸುಮ್ನೆ ಸದ್ದಿಗಾಗಿ ಕ್ಯಾಮ್ ಆರಿಸಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.

ಕ್ಯಾಮ್ ನಿರ್ಧಾರವಾದ ಮೇಲೆ ಉಳಿದ ಬಿಡಿಭಾಗಗಳು ಅದಕ್ಕೆ ಹೊಂದಬೇಕು. ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಲಿಫ್ಟನ್ನು, ಅಂದರೆ ಎತ್ತುವ ಎತ್ತರವನ್ನು, ಗುಣಿಸುತ್ತದೆ: 0.300 ಇಂಚಿನ ಲೋಬ್ 1.5ರ ರಾಕರಿನಲ್ಲಿ 0.450 ಆಗುತ್ತದೆ, 1.6ರಲ್ಲಿ 0.480. ಜಾಗ್ವಾರ್ ಎಕ್ಸ್‌ಕೆಯಂಥ ಎಂಜಿನ್ನಿನಲ್ಲಿ ಕ್ಯಾಮ್ ನೇರವಾಗಿ ಬಕೆಟ್ ಟ್ಯಾಪೆಟ್ಟನ್ನೇ ಒತ್ತುವುದರಿಂದ ಈ ಗುಣಾಕಾರವಿಲ್ಲ. ಸ್ಪ್ರಿಂಗ್ ಸಡಿಲವಿದ್ದರೆ ಹೆಚ್ಚಿನ ಆರ್‌ಪಿಎಂನಲ್ಲಿ ವಾಲ್ವ್ ಲೋಬನ್ನು ಹಿಂಬಾಲಿಸಲಾರದೆ ತೇಲುತ್ತದೆ. ತುಂಬಾ ಗಟ್ಟಿಯಿದ್ದರೆ ಲೋಬ್ ಸವೆಯುತ್ತದೆ. ಪೂರ್ತಿ ಲಿಫ್ಟ್‌ನಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗದೆ ಒಟ್ಟು 0.060 ಇಂಚಿನಷ್ಟಾದರೂ ಜಾಗ ಉಳಿಯಬೇಕು. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಇನ್‌ಟೇಕಿಗೆ 0.080, ಎಕ್ಸಾಸ್ಟಿಗೆ 0.100 ಇಂಚು ಸಾಮಾನ್ಯ ಮಿತಿ. ಪಿಸ್ಟನ್ ಮೇಲೆ ಮೆತ್ತನೆಯ ಕ್ಲೇ ಇಟ್ಟು, ಕೈಯಲ್ಲೇ ಎಂಜಿನ್ ತಿರುಗಿಸಿ, ಒತ್ತಿದ ಕ್ಲೇ ಎಷ್ಟು ದಪ್ಪ ಉಳಿದಿದೆ ಅಂತ ಅಳೆದರೆ ಇದು ಗೊತ್ತಾಗುತ್ತದೆ.

ಹಳೆಯ ಎಂಜಿನ್‌ಗಳ ಫ್ಲ್ಯಾಟ್ ಟ್ಯಾಪೆಟ್ ಹೆಸರಿಗಷ್ಟೇ ಸಮತಟ್ಟು. ಅದರ ತಳ ತುಸು ಉಬ್ಬಿರುತ್ತದೆ, ಲೋಬ್ ತುಸು ಓರೆಯಾಗಿರುತ್ತದೆ. ಇವೆರಡೂ ಸೇರಿ ಟ್ಯಾಪೆಟ್ಟನ್ನು ತಿರುಗುವಂತೆ ಮಾಡುತ್ತವೆ. ತಿರುಗುವುದು ನಿಂತರೆ ಲೋಬ್ ಸವೆದುಹೋಗುತ್ತದೆ. ಅದಕ್ಕೇ ಹೊಸ ಕ್ಯಾಮಿನ ಜೊತೆ ಹಳೆಯ ಟ್ಯಾಪೆಟ್ ಹಾಕಬಾರದು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್‌ಗೆ ಬಿಡದೆ 20ರಿಂದ 30 ನಿಮಿಷ 2000ದಿಂದ 2500 ಆರ್‌ಪಿಎಂನಲ್ಲಿ ಓಡಿಸಬೇಕು. ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯಾಗದಿರಲೆಂದು ಈಗಿನ ಬಹಳಷ್ಟು ಆಯಿಲ್‌ಗಳಲ್ಲಿ ಜೆಡ್‌ಡಿಡಿಪಿ (ಸವೆತ ತಡೆಯುವ ಸತು ಸಂಯುಕ್ತ) ಕಡಿಮೆ ಮಾಡಿದ್ದಾರೆ. ಫ್ಲ್ಯಾಟ್ ಟ್ಯಾಪೆಟ್ಟಿಗೆ ಅದು ಜಾಸ್ತಿ ಇರುವ ಆಯಿಲ್ಲೇ ಬೇಕು.

ಕೊನೆಗೆ, ಕ್ಯಾಮ್ ಕಾರ್ಡಿನಲ್ಲಿ 106 ಅಂತ ಬರೆದಿದೆ ಅಂದ ಮಾತ್ರಕ್ಕೆ ನಿಮ್ಮ ಎಂಜಿನ್ನಿನಲ್ಲಿ ಅದು 106ಕ್ಕೇ ಕೂತಿರುತ್ತದೆ ಅಂದುಕೊಳ್ಳಬೇಡಿ. ಚೈನ್, ಗೇರ್, ಕೀವೇ (ಕೀಲಿ ಕೂರುವ ತೋಡು), ಎಲ್ಲದರ ಸಣ್ಣ ವ್ಯತ್ಯಾಸ ಸೇರಿ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ. ಡಿಗ್ರಿ ವೀಲ್, ಡಯಲ್ ಗೇಜ್, ಪಿಸ್ಟನ್ ಸ್ಟಾಪ್ ಇಟ್ಟುಕೊಂಡು ಅಳೆಯಿರಿ. 110ಕ್ಕೆ ಬಂದಿದ್ದರೆ ಇನ್‌ಟೇಕ್ 4 ಡಿಗ್ರಿ ತಡವಾಗಿ ಮುಚ್ಚುತ್ತಿದೆ ಎಂದರ್ಥ. ಕೆಳಗಿನ ಟಾರ್ಕ್ ಅಷ್ಟು ಕಡಿಮೆಯಾಗುತ್ತದೆ. ಹಲವು ಕೀವೇಗಳಿರುವ ಟೈಮಿಂಗ್ ಗೇರ್ ಅಥವಾ ಆಫ್‌ಸೆಟ್ ಬುಶ್ ಹಾಕಿ ಕ್ಯಾಮನ್ನು ಅಷ್ಟು ಮುಂದಕ್ಕೆ ತಂದು, ಇನ್ನೊಮ್ಮೆ ಅಳೆದ ಮೇಲೆಯೇ ಟೈಮಿಂಗ್ ಕವರ್ ಮುಚ್ಚಿ.