ನನ್ನದು ವಿಂಡೋಸ್ ಲ್ಯಾಪ್‌ಟಾಪ್, ಹೋಸ್ಟಿಂಗ್‌ಗೆ ಯಾವ ಡೇಟಾಬೇಸ್ ತಗೊಳ್ಳಲಿ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಬ್ಲಾಗ್, ಸೈಟ್ ನಡೆಸುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಹಾಕುವವರಿಗೆ ಯೋಚನೆಯೇ ಬೇಡ: ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬ ಡೇಟಾಬೇಸ್. ಎರಡೂ ಒಂದೇ ಬೇರಿನವು. ಮರಿಯಾಡಿಬಿ 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದದ್ದು. ಪೈಥಾನ್ ಭಾಷೆಯ ಜಾಂಗೋ ಚೌಕಟ್ಟಿನಲ್ಲಿ ಸೈಟ್ ಕಟ್ಟಿದ್ದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಳ್ಳೆಯದು. ಆದರೆ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಅಗ್ಗದ ಶೇರ್ಡ್ ಪ್ಲಾನ್‌ಗಳಲ್ಲಿ ಎಲ್ಲ ಕಡೆ ಅದು ಸಿಗುವುದಿಲ್ಲ, ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ.

ಈಗ ಆ ಲ್ಯಾಪ್‌ಟಾಪ್ ವಿಷಯ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ವಿಂಡೋಸ್ ಹೋಸ್ಟಿಂಗ್, ಅದರ ಜೊತೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಬೇಕು ಅನ್ನುವ ನಂಬಿಕೆ ತಪ್ಪು. ಪೂರ್ತಿ ತಪ್ಪು. ನೀವು ಬ್ರೌಸರ್‌ನಲ್ಲಿ ಸಿಪ್ಯಾನೆಲ್ (ಹೋಸ್ಟಿಂಗ್ ನಿಭಾಯಿಸುವ ಪುಟ) ತೆರೆಯುತ್ತೀರಿ, ಫೈಲ್ ಏರಿಸುತ್ತೀರಿ. ಡೇಟಾಬೇಸ್ ಓಡುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ನಿಮ್ಮ ಮೇಜಿನ ಮೇಲಲ್ಲ. ಲಿನಕ್ಸ್ ಸರ್ವರ್‌ನಲ್ಲಿರುವ ಎಷ್ಟೋ ಸೈಟುಗಳನ್ನು ನೀವು ದಿನಾ ಅದೇ ಲ್ಯಾಪ್‌ಟಾಪ್‌ನಲ್ಲಿ ಓದುತ್ತೀರಿ, ಅಲ್ವಾ? ವಿಂಡೋಸ್ ಹೋಸ್ಟಿಂಗ್ ನಿಜವಾಗಿ ಬೇಕಾಗುವುದು ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಬರೆದ ಸೈಟಿಗೆ. ಎಸ್‌ಕ್ಯೂಎಲ್ ಸರ್ವರ್ ಕೂಡ 2017ರ ಆವೃತ್ತಿಯಿಂದ ಲಿನಕ್ಸ್ ಮೇಲೆ ಓಡುತ್ತದೆ. ಪರಿಚಯದವರೊಬ್ಬರು ಇದೇ ನಂಬಿಕೆಯಿಂದ 3 ವರ್ಷದ ವಿಂಡೋಸ್ ಪ್ಲಾನ್ ಕೊಂಡರು. ಹಾಕಬೇಕಿದ್ದದ್ದು ವರ್ಡ್‌ಪ್ರೆಸ್, ಪ್ಲಾನ್‌ನಲ್ಲಿದ್ದದ್ದು ಎಸ್‌ಕ್ಯೂಎಲ್ ಸರ್ವರ್ ಮಾತ್ರ. ದುಡ್ಡು ಸುಮ್ನೆ ಹೋಯಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನೋಡಬೇಕಾದದ್ದು ಎರಡೇ: ನಿಮ್ಮ ಸಾಫ್ಟ್‌ವೇರ್ ಏನು ಕೇಳುತ್ತದೆ, ಹೋಸ್ಟ್ ಏನು ಕೊಡುತ್ತದೆ. ಬ್ರೌಸರ್‌ನಲ್ಲೇ ಮೈಎಸ್‌ಕ್ಯೂಎಲ್, ಮರಿಯಾಡಿಬಿ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್ ತೆರೆದರೆ ಮೊದಲ ಪುಟದ ಬಲಗಡೆಯ ಚೌಕದಲ್ಲೇ ಅದು ಯಾವ ಡೇಟಾಬೇಸ್, ಯಾವ ಆವೃತ್ತಿ ಎರಡೂ ಇರುತ್ತವೆ.

ಇಷ್ಟೆಲ್ಲ ಕೇಳುವವರು ಕ್ಯಾರೆಕ್ಟರ್ ಸೆಟ್, ಅಂದರೆ ಡೇಟಾಬೇಸ್ ಯಾವ ಯಾವ ಅಕ್ಷರ ಉಳಿಸಬಲ್ಲದು ಅನ್ನುವುದರ ಬಗ್ಗೆ ಮಾತ್ರ ಕೇಳುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇದೇ ಜಾಸ್ತಿ ಮುಖ್ಯ. ಕನ್ನಡ ಲಿಪಿಯೇ ಇಲ್ಲದ ಹಳೆಯ ಲ್ಯಾಟಿನ್1 ಸೆಟ್‌ನ ಟೇಬಲ್‌ಗೆ ‘ಕನ್ನಡ’ ಎಂದು ಹಾಕಿದರೆ ‘?????’ ಆಗಿಬಿಡಬಹುದು. ಕಣ್ಣಿಗೆ ಮೂರೇ ಅಕ್ಷರ, ಪ್ರಶ್ನೆ ಚಿಹ್ನೆ ಐದು. ಯಾಕೆಂದರೆ ಯುನಿಕೋಡ್‌ನಲ್ಲಿ ‘ನ್ನ’ ಎಂದರೆ ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ (್), ಮತ್ತೆ ನ. ಯುನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಹಿಡಿಸುವುದೂ 3 ಬೈಟ್ ತನಕ, ಹಾಗಾಗಿ ಕನ್ನಡ ಬಚಾವ್. ಹೆಚ್ಚಿನ ಇಮೋಜಿಗಳಿಗೆ 4 ಬೈಟ್ ಬೇಕು, ಅಲ್ಲಿ ಅದು ಕೈಕೊಡುತ್ತದೆ. 4 ಬೈಟ್ ತನಕ ಹಿಡಿಸುವ ಯುಟಿಎಫ್8ಎಂಬಿ4 (utf8mb4) ಆರಿಸಿಕೊಳ್ಳಿ.

ಪ್ರಶ್ನೆ ಚಿಹ್ನೆಗಳೇ ಟೇಬಲ್‌ಗೆ ಸೇರಿಬಿಟ್ಟರೆ, ಬ್ಯಾಕಪ್ ಇಲ್ಲದೆ ಮೂಲ ಬರಹ ವಾಪಸ್ ಬರುವುದಿಲ್ಲ. ಅದಕ್ಕೇ ಹಳೆಯ ಲೇಖನಗಳನ್ನೆಲ್ಲ ತಂದು ತುಂಬುವ ಮೊದಲು ಒಂದು ಸಾಲು ಕನ್ನಡ ಬರೆದು, ಸೇವ್ ಮಾಡಿ, ಪಿಎಚ್‌ಪಿಮೈಅಡ್ಮಿನ್‌ನಲ್ಲಿ ತೆರೆದು ನೋಡಿ.