ಲಾವಣಿ: ಉತಾರದಲ್ಲಿ ಹೆಸರಿಲ್ಲದ ರೈತ

ಲಾವಣಿ ಎಂದೊಡನೆ ಡಪ್ಪು, ತುಂತುಣಿಯ ಹಾಡು ನೆನಪಾಗುವುದು ಸಹಜ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಎಕರೆಗೆ ವರ್ಷಕ್ಕೆ ಇಷ್ಟು ಎಂದು ಹಣ ಕೊಟ್ಟು ಬೇರೆಯವರ ಹೊಲ ಉಳುವುದೇ ಲಾವಣಿ. ಪಾಲಿಗೆ ಮಾಡುವುದು ಬೇರೆ. ಅಲ್ಲಿ ಬೆಳೆ ಹೋದರೆ ಇಬ್ಬರಿಗೂ ಹೋಯಿತು. ಲಾವಣಿಯಲ್ಲಿ ಮಳೆ ಕೈಕೊಟ್ಟರೂ ಹೊಲದವರ ಹಣ ಹೊಲದವರಿಗೆ ಮುಟ್ಟಲೇಬೇಕು.

ಒಪ್ಪಂದ ಹೆಚ್ಚಾಗಿ ಯುಗಾದಿಯಿಂದ ಯುಗಾದಿಗೆ, ಅದೂ ಬಾಯಿಮಾತಿನಲ್ಲಿ. ಬರೆದುಕೊಡಲು ಹೊಲದವರು ಹೆದರುತ್ತಾರೆ. ದೇವರಾಜ ಅರಸು ಅವರ ಕಾಲದ ಭೂ ಸುಧಾರಣೆಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ ವಶವಾಯಿತು. ಒಡೆತನ ಕೋರುವ ಅರ್ಜಿಯಾದ ಫಾರಂ 7 ಸಲ್ಲಿಸಿದ ಎಷ್ಟೋ ಗೇಣಿದಾರರು ಭೂ ನ್ಯಾಯಮಂಡಳಿಯ ಮೂಲಕ ಒಡೆಯರಾದರು. ಅದು ಎಷ್ಟೋ ಮನೆಗಳ ಹಣೆಬರಹ ತಿದ್ದಿದ ದೊಡ್ಡ ಕೆಲಸ. ಸೈನಿಕರಂಥ ಕೆಲವರಿಗೆ ವಿನಾಯಿತಿ ಕೊಟ್ಟು, ಮುಂದೆ ಗೇಣಿಗೆ ಕೊಡುವುದನ್ನೇ ಕಾನೂನು ನಿಷೇಧಿಸಿತು. ಗೇಣಿ ಮಾತ್ರ ನಿಲ್ಲಲಿಲ್ಲ, ಕಾಗದದಿಂದ ಮರೆಯಾಯಿತು.

ಸಿಂದಗಿ ಕಡೆಯ ನನ್ನ ಪರಿಚಯದ ರೈತರೊಬ್ಬರು ಎಂಟು ಎಕರೆ ಲಾವಣಿ ಹಿಡಿದು ತೊಗರಿ ಬಿತ್ತಿದ್ದರು. ಹೂವಾಡುವ ಹೊತ್ತಿಗೆ ನೆಟೆ ರೋಗ ಬಿದ್ದು ಗಿಡಗಳು ನಿಂತಲ್ಲೇ ಒಣಗಿದವು. ಒಂದನ್ನು ಕಿತ್ತು, ಕಾಂಡ ಸೀಳಿ, ಒಳಗಿನ ಕಪ್ಪು ಗೆರೆಯನ್ನು ಉಗುರಿನಿಂದ ಗೀರಿ ತೋರಿಸಿದರು. ಪರಿಹಾರದ ಹಣ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವರ ಖಾತೆಗೆ ಬಂತು. ಅವರು ಇರುವುದು ನಗರದಲ್ಲಿ. ಬೆಳೆಸಾಲಕ್ಕೂ ಬ್ಯಾಂಕು ಉತಾರವನ್ನೇ ಕೇಳುವುದರಿಂದ ಇವರು ಬೀಜ, ಗೊಬ್ಬರವನ್ನು ಅಂಗಡಿಯಿಂದ ಬಡ್ಡಿಗೆ ತಂದಿದ್ದರು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಜಮೀನು ಹೊಂದಿದ ಕುಟುಂಬಕ್ಕೇ ಸಲ್ಲುತ್ತದೆ.

ಇವರಿಬ್ಬರನ್ನೂ ನಾವು ‘ರೈತ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಸಮಾಜಶಾಸ್ತ್ರದ ‘ವರ್ಗ’ ಎಂಬ ಪದ ನನಗೆ ಅರ್ಥವಾದದ್ದು ಆ ಹೊಲದಲ್ಲಿ: ಒಂದೇ ಮಣ್ಣಿನಿಂದ ಒಬ್ಬರಿಗೆ ಬರುವುದು ಖಚಿತ, ಇನ್ನೊಬ್ಬರಿಗೆ ಮಳೆ ಉಳಿಸಿದಷ್ಟು.

ಲಾವಣಿ ಹಾಕುವವರೆಲ್ಲ ಸಿರಿವಂತರೆಂದು ತಿಳಿಯಬಾರದು. ಗುಳೆ ಹೋಗುವ ಸಣ್ಣ ರೈತ ತನ್ನ ಎರಡು ಎಕರೆಯನ್ನು ಟ್ರ್ಯಾಕ್ಟರ್ ಇರುವವರಿಗೆ ಲಾವಣಿ ಹಾಕಿ ಗೋವಾದ ಬಸ್ ಹತ್ತುವುದೂ ಉಂಟು. ಉತಾರದಲ್ಲಿ ಅವನ ಹೆಸರಿದೆ, ಹೊಲದಲ್ಲಿ ಅವನಿಲ್ಲ. ಆದ್ದರಿಂದ ಒಡೆತನಕ್ಕೆ ಧಕ್ಕೆ ಬಾರದಂತೆ, ಉಳುವವರ ಹೆಸರೂ ಎಲ್ಲಾದರೂ ದಾಖಲಾಗಬೇಕು ಎನ್ನುವುದು ನನ್ನ ಗಟ್ಟಿ ನಿಲುವು.

ಸಿಂದಗಿಯ ಆ ರೈತರು ಈ ಯುಗಾದಿಗೂ ಅದೇ ಎಂಟು ಎಕರೆ ಹಿಡಿದಿದ್ದಾರೆ, ಬಾಯಿಮಾತಿನಲ್ಲೇ.