ಗುಂಡು ತಾನಾಗೇ ಹಾರುವುದಿಲ್ಲ

ಮಲೆನಾಡಿನ ಕೋವಿ ಅವಘಡಗಳ ಸುದ್ದಿಯಲ್ಲಿ ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, "ಆಕಸ್ಮಿಕವಾಗಿ ಗುಂಡು ಹಾರಿ" ಅನ್ನುವುದು ಮಾತ್ರ ಬದಲಾಗುವುದಿಲ್ಲ. ದಣಪೆ ದಾಟುವಾಗ ಹಾರಿತು, ಕಾಲು ಜಾರಿ ಹಾರಿತು, ಗೋಡೆಗೆ ಒರಗಿಸಿದ್ದು ಬಿದ್ದು ಹಾರಿತು. ಊರಲ್ಲಿ ಇದಕ್ಕೆ ಗ್ರಹಚಾರ ಅನ್ನುತ್ತಾರೆ. ಆಯುಧಪೂಜೆಯಲ್ಲಿ ಲೋಪವಾಗಿತ್ತು ಅನ್ನುವವರೂ ಇದ್ದಾರೆ. ಗ್ರಹಗಳ ತಂಟೆಗೆ ಹೋಗುವ ಮೊದಲು ಟ್ರಿಗರ್ ಎಳೆದಾಗ ಬಡಿಯುವ ಕುದುರೆ, ಆ ಪೆಟ್ಟಿಗೆ ಸಿಡಿದು ಬೆಂಕಿ ಹೊತ್ತಿಸುವ ಕೇಪು, ಮದ್ದು, ನಳಿಗೆ ಈ ನಾಲ್ಕನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಕೇಪಿನ ಕೋವಿಯಲ್ಲಿ ಕುದುರೆ ಇಳಿಸಿದರೆ ಅದು ನೇರವಾಗಿ ಕೇಪಿನ ನೆತ್ತಿಯ ಮೇಲೆ ಕೂರುತ್ತದೆ. ಎತ್ತಿಲ್ಲವಲ್ಲ, ಭಯವಿಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 3 ಕಿಲೋ ತೂಕದ ಕೋವಿ 1 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರಲ್ಲಿ ಸುಮಾರು 30 ಜೂಲ್ ಶಕ್ತಿ ಇರುತ್ತದೆ. ಕೇಪು ಸಿಡಿಯಲು 1 ಜೂಲ್ ಕೂಡ ಬೇಡ. ಬೀಳುವಾಗ ಕುದುರೆಯ ಬೆನ್ನು ಕಲ್ಲಿಗೆ ತಗುಲಿದರೆ ಮುಗಿಯಿತು, ಟ್ರಿಗರ್ ಮುಟ್ಟುವ ಅಗತ್ಯವೇ ಇಲ್ಲ. ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸಲು ಒಳಗೊಂದು ಕಚ್ಚು ಇರುತ್ತದೆ. ಅದು ಸವೆದಿದೆಯೇ ಎಂದು ನೋಡುವ ಕ್ರಮ ಸರಳ: ಈಡು (ಒಳಗೆ ತುಂಬುವ ಮದ್ದು ಮತ್ತು ಸೀಸದ ಚರೆ), ಕೇಪು ಎರಡೂ ಇಲ್ಲದ ಕೋವಿಯಲ್ಲಿ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಬಲವಾಗಿ ಎಳೆಯಿರಿ. ಕುದುರೆ ಬಿದ್ದರೆ ಆ ಕೋವಿ ರಿಪೇರಿಗೆ ಹೋಗಬೇಕು, ತೋಟಕ್ಕಲ್ಲ.

ಈ ಕೇಪು ಹುಟ್ಟಿದ್ದೇ ಹಕ್ಕಿ ಬೇಟೆಯ ಹುಚ್ಚಿನಿಂದ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಚಕಮಕಿ ಕೋವಿಯ ಮೇಲೆ ಸಿಟ್ಟಿತ್ತು. ಕಿಡಿ ಹಾರಿ, ಹೊರಗಿನ ಮದ್ದು ಭಗ್ಗೆಂದು, ಒಳಗಿನ ಈಡಿಗೆ ಬೆಂಕಿ ಹತ್ತುವಷ್ಟರಲ್ಲಿ ಹಕ್ಕಿ ಬೆದರಿ ಹಾರಿಹೋಗುತ್ತಿತ್ತು. ಪೆಟ್ಟು ಬಿದ್ದರೆ ಸಿಡಿಯುವ ಫಲ್ಮಿನೇಟ್ ಲವಣದಿಂದ ಬೆಂಕಿ ಹೊತ್ತಿಸುವ ಉಪಾಯಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಪುಟ್ಟ ಟೋಪಿಯಂಥ ಕೇಪು ಆಮೇಲೆ ಬಂತು. ಮಳೆಯಲ್ಲೂ ಹೊತ್ತುತ್ತದೆ ಎಂಬುದೇ ಅದರ ದೊಡ್ಡ ಗುಣ. ಪೆಟ್ಟಿಗೆ ಹೊತ್ತುವಂತೆಯೇ ಮಾಡಿದ ವಸ್ತು ಪೆಟ್ಟಿಗೆ ಹೊತ್ತಿದರೆ ಆಕಸ್ಮಿಕ ಅನ್ನುವುದು ಹೇಗೆ?

ಸರಿ, ಕೇಪು ತೆಗೆದರೆ ಕೋವಿ ಖಾಲಿಯೇ? ಅಲ್ಲ. ತೋಟಾಕೋವಿಯಾದರೆ ನಳಿಗೆಯನ್ನು ಮಡಚಿ ತೋಟಾ ತೆಗೆಯಬಹುದು. ಬಾಯಿಂದ ಈಡು ತುಂಬುವ ಕೋವಿಯಲ್ಲಿ ಆ ಸುಖವಿಲ್ಲ. ಹೊಡೆದು ಖಾಲಿ ಮಾಡಬೇಕು, ಇಲ್ಲವೇ ತಿರುಪು ಹಾಕಿ ಎಳೆದು ತೆಗೆಯಬೇಕು. ಬೇಸರವೆಂದು ಈಡನ್ನು ಒಳಗೇ ಬಿಟ್ಟು ಕೇಪು ಮಾತ್ರ ಕಿತ್ತು ಗೋಡೆಗೆ ನೇತುಹಾಕುತ್ತಾರೆ. ಕೇಪಿನೊಳಗಿನ ಸಿಡಿಯುವ ಪುಡಿ ಉದುರಿ, ಕೇಪು ಕೂರುವ ತೊಟ್ಟಿಗೆ ಅಂಟಿಕೊಂಡಿದ್ದರೆ ಬರಿ ಕುದುರೆಯ ಪೆಟ್ಟೇ ಸಾಕು.

ಒಳಗೆ ಈಡು ಇದೆಯೇ, ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಪೈಸೆ ಖರ್ಚಿಲ್ಲದ ಉಪಾಯವಿದೆ. ಖಾಲಿ ನಳಿಗೆಗೆ, ಈಡು ಜಡಿಯುವ ಗಜದ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಕಡ್ಡಿಗೆ ಒಂದು ಗೀರು ಹಾಕಿ. ಸರಿಯಾಗಿ ಜಡಿದ ಈಡಿನ ಮೇಲೆ ಇಳಿಸಿ ಎರಡನೆಯ ಗೀರು ಹಾಕಿ, ಆಗ ಕೇಪು ಇರಬಾರದು, ಬಾಯಿಯ ಮುಂದೆ ಮುಖವಿರಬಾರದು. ಮುಂದೆ ಎಂದಾದರೂ ಕಡ್ಡಿ ಎರಡನೆಯ ಗೀರಿಗಿಂತ ಮೇಲೆ ನಿಂತರೆ ಒಳಗೆ ಎರಡು ಈಡು ಬಿದ್ದಿವೆ, ಅಥವಾ ಈಡು ತಳಕ್ಕೆ ಕೂತಿಲ್ಲ. ಎರಡರಲ್ಲಿ ಯಾವುದಾದರೂ ಆ ಕೋವಿಯನ್ನು ಹೊಡೆಯಬಾರದು.

ಈಡು ತಳಕ್ಕೆ ಕೂರದಿದ್ದರೆ ಏನಾಗುತ್ತದೆ ಎಂಬುದರಲ್ಲೇ ಈ ವಿಷಯದ ಅಸಲು ಭೌತಶಾಸ್ತ್ರ ಇರುವುದು. ನಳಿಗೆ ಒಡೆಯುವುದು ಮದ್ದು ಜಾಸ್ತಿಯಾದ್ದರಿಂದ ಎಂದೇ ಬಹಳ ಜನರ ನಂಬಿಕೆ. ಅಳತೆ ಸರಿಯಿದ್ದೂ ಒಡೆಯುತ್ತದೆ. ಮದ್ದಿಗೂ ಚರೆಗೂ ನಡುವೆ ಒಂದು ಗೇಣು ಖಾಲಿ ಜಾಗ ಉಳಿದಿದೆ ಅನ್ನಿ. ಉರಿದ ಅನಿಲ ಆ ಜಾಗದಲ್ಲಿ ನುಗ್ಗಿ ಬಂದು ನಿಂತಿರುವ ಚರೆಗೆ ಅಪ್ಪಳಿಸುತ್ತದೆ. ಅಡಿಕೆ ತೋಟದ ಪೈಪಿನಲ್ಲಿ ನೀರು ರಭಸವಾಗಿ ಹರಿಯುವಾಗ ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪು ಎಗರಿ ಬಿರಿಯುತ್ತದಲ್ಲ, ಹಾಗೆ ವೇಗವೆಲ್ಲ ಆ ಒಂದೇ ಜಾಗದಲ್ಲಿ ಒತ್ತಡವಾಗಿ ಬದಲಾಗುತ್ತದೆ. ನಳಿಗೆ ಅಲ್ಲಿ ಬಳೆಯಂತೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ನಳಿಗೆಯನ್ನು ಆಧರಿಸಿ ಹಿಡಿದ ಎಡಗೈ ಇರುವುದು ಅದರ ಆಸುಪಾಸಿನಲ್ಲೇ.

ನಳಿಗೆಯೊಳಗೆ ಅಡ್ಡ ಏನಿದ್ದರೂ ಕಥೆ ಇದೇ. ಮಲೆನಾಡಿನಲ್ಲಿ ಆ ಅಡ್ಡ ತಂದಿಡುವವನು ಕುಂಬಾರ ಹುಳ. ಗೋಡೆಗೆ ನೇತುಹಾಕಿದ ಕೋವಿಯ ಬಾಯಿ ಅದರ ಗೂಡಿಗೆ ಹೇಳಿ ಮಾಡಿಸಿದ ತೂತು. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರ್. ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ ಒಂದೊಂದು ಉಂಡೆಯ ಅಗಲ ಎಷ್ಟೋ ಅಷ್ಟು, 12 ಎಂಬ ಅಂಕಿ ಬಂದದ್ದೇ ಹಾಗೆ. ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿ ವಾಪಸು ಬಂದಾಗ ಮೊದಲು ಮಾಡಬೇಕಾದ ಕೆಲಸ ನಳಿಗೆಯೊಳಗೆ ಕಡ್ಡಿ ಆಡಿಸುವುದು. ಮಳೆ ನೀರು ಇಳಿಯದಿರಲಿ ಎಂದು ಬಾಯಿಗೆ ಬಟ್ಟೆ ತುರುಕುವವರು ಆ ಹುಳದ ಕೆಲಸವನ್ನೇ ಮಾಡುತ್ತಿರುತ್ತಾರೆ. ಬೇಕಿದ್ದರೆ ಹೊರಗಿನಿಂದ ಕವಚ ತೊಡಿಸಿ.

ಇನ್ನು ತುಕ್ಕು. ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗುವುದಿಲ್ಲ, ಪೊಟ್ಯಾಸಿಯಂ ಲವಣಗಳಾಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಲವಣ ನೀರು ಹೀರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಆಷಾಢದ ಗಾಳಿಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವ ಸೀಮೆ ಇದು. ಇಲ್ಲಿ ಸೀಮೆಎಣ್ಣೆ ಹಾಕಿ ಒರೆಸಿ ಸಮಾಧಾನ ಪಡುವವರಿದ್ದಾರೆ. ಎಣ್ಣೆಯಲ್ಲಿ ಈ ಲವಣ ಕರಗುವುದಿಲ್ಲ, ಎಣ್ಣೆಯಡಿಯಲ್ಲೇ ಕೂತು ಕಬ್ಬಿಣ ತಿನ್ನುತ್ತದೆ. ಬೇಕಾದ್ದು ಬಿಸಿನೀರು. ಹೊಡೆದ ದಿನವೇ ತೊಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆಯ ತೆಳು ಪದರ. ಪೂಜೆಯ ಗಂಧ ಕುಂಕುಮವನ್ನೂ ಅಂದೇ ಒರೆಸಿ. ದೇವರು ಬೇಸರಿಸಿಕೊಳ್ಳುವುದಿಲ್ಲ, ಕಬ್ಬಿಣ ಬೇಸರಿಸಿಕೊಳ್ಳುತ್ತದೆ.

ತೇವದ ಇನ್ನೊಂದು ಕಾಟ, ಕೇಪು ಸಿಡಿದೂ ಈಡು ಹಾರದಿರುವುದು. ತಕ್ಷಣ ಬಾಯಿಗೆ ಕಣ್ಣಿಟ್ಟು ನೋಡುವುದು ಸಾವನ್ನು ಕರೆದಂತೆ. ಮದ್ದಿನೊಳಗೆ ಕಿಡಿ ಮೆಲ್ಲಗೆ ಹತ್ತುತ್ತಿರಬಹುದು. ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ನಿಲ್ಲಬೇಕು. ತೋಟಾ ಬಿಚ್ಚಿ ಅದರ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದಂತೂ ಬೇಡವೇ ಬೇಡ. ಒತ್ತಡ ಏರಿದರೆ ಕರಿಮದ್ದಿನ ಉರಿಯುವ ವೇಗ ಅಷ್ಟಾಗಿ ಏರುವುದಿಲ್ಲ. ಹೊಗೆರಹಿತ ಮದ್ದು ಒತ್ತಡದ ಜೊತೆಜೊತೆಗೇ ವೇಗ ಹೆಚ್ಚಿಸಿಕೊಳ್ಳುತ್ತದೆ, ಹಳೆಯ ನಳಿಗೆ ಅದನ್ನು ತಡೆಯಲಾರದು.

ಕೋವಿ ಇಟ್ಟುಕೊಳ್ಳುವುದು ನಮ್ಮ ಹಕ್ಕು ಎಂಬ ವಾದಕ್ಕೆ ಬರೋಣ. ಆಯುಧ ಹೊಂದುವ ಹಕ್ಕು ಕೊಡುವ ಅಮೆರಿಕದ 1791ರ ತಿದ್ದುಪಡಿಯಂಥದ್ದು ನಮ್ಮ ಸಂವಿಧಾನದಲ್ಲಿಲ್ಲ. ಇಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಲೈಸೆನ್ಸು. ಆ ಕಾಯ್ದೆಯ 13ನೇ ಕಲಮು ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಇರುವ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಯಿತು. ತೀರ್ಥಹಳ್ಳಿ, ಹೊಸನಗರದ ರೈತ ನಮಗೇಕಿಲ್ಲ ಎಂದು ಕೇಳುವುದು ಸಹಜ. ಹಂದಿ ಒಂದೇ ರಾತ್ರಿಯಲ್ಲಿ ಗದ್ದೆ ಉತ್ತುಹಾಕುತ್ತದೆ, ಮಂಗ ಎಳೆಯಡಿಕೆ ಉದುರಿಸುತ್ತದೆ. ಆದರೆ ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ, 1972ರ ವನ್ಯಜೀವಿ ಕಾಯ್ದೆ ಅದರ ಮೇಲೆ ಕೂತಿದೆ.

ಕೊಡಿ ಅನ್ನುವವರೂ ಕೊಡಬೇಡಿ ಅನ್ನುವವರೂ ಕಾಗದದ ಬಗ್ಗೆಯೇ ಜಗಳವಾಡುತ್ತಾರೆ. 2019ರ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಮಲೆನಾಡಿನ ಒಂದು ಕೇಪಿನ ಕೋವಿಗೆ ಅದು ಐದು ಮಳೆಗಾಲ. ನವೀಕರಣದ ದಿನ ಕಾಗದದ ಜೊತೆ ತೊಟ್ಟಿನ ತೂತು, ಕುದುರೆಯ ಕಚ್ಚು, ನಳಿಗೆಯ ಒಳಮೈ ಮೂರನ್ನೂ ಬಲ್ಲವರೊಬ್ಬರು ನೋಡಲಿ. ಒಂದು ಕೋವಿಗೆ ಹತ್ತು ನಿಮಿಷದ ಕೆಲಸ.